ಎಂಟು ಜಾವದ ಪಹರೆ

ಕಲಬುರಗಿಯ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಅವರ ಕಣ್ಣು ಮೊದಲು ಬೀಳುವುದು ಜಾಮಿ ಮಸೀದಿಯ ಗುಮ್ಮಟಗಳ ಮೇಲಲ್ಲ, ತೋಪಿನ ಮೇಲೆ. ಇಪ್ಪತ್ತೊಂಬತ್ತು ಅಡಿ ಉದ್ದದ ಬಾರಾ ಗಜಿ ತೋಪನ್ನು ಒಮ್ಮೆ ಕೈಯಿಂದ ಸವರದೆ ಯಾವ ಹುಡುಗನೂ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಕಮಲಾಪುರದಿಂದ ನಮ್ಮ ಹತ್ತನೆಯ ತರಗತಿಯ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದ ದಿನವೂ ಹೀಗೇ ಆಯಿತು. ಇತಿಹಾಸದ ಮೇಷ್ಟ್ರು 1347ರಲ್ಲಿ ಹಸನ್ ಬಹಮನ್ ಷಾ ಇಲ್ಲಿ ರಾಜಧಾನಿ ಹೂಡಿದ್ದನ್ನು ಹೇಳುತ್ತಿದ್ದರು. ಅಷ್ಟರಲ್ಲಿ ಒಬ್ಬ ಹುಡುಗ ಸುತ್ತಲ ಬಯಲನ್ನು ನೋಡುತ್ತ ನನ್ನ ಕಡೆ ತಿರುಗಿದ.

"ಸರ್, ಇಲ್ಲಿ ನಿಂತ ಪಹರೆಯವಗ ಎಷ್ಟು ದೂರ ಕಾಣ್ತಿತ್ರಿ? ನಮ್ಮ ಕಮಲಾಪುರ ಕಾಣ್ತಿತ್ತೇನ್ರಿ?"

ಅಲ್ಲಿ ಕಪ್ಪು ಹಲಗೆಯೂ ಇಲ್ಲ, ಸೀಮೆಸುಣ್ಣವೂ ಇಲ್ಲ. ನೆಲದ ಮಣ್ಣಿನಲ್ಲೇ ಕಡ್ಡಿಯಿಂದ ಒಂದು ವೃತ್ತ ಬರೆದೆ. ಭೂಮಿ ಗುಂಡಗಿರುವುದರಿಂದ ನಮ್ಮ ನೋಟದ ಗೆರೆ ಎಲ್ಲಿಯೋ ಒಂದು ಕಡೆ ನೆಲವನ್ನು ಸವರಿಕೊಂಡು ಆಕಾಶಕ್ಕೆ ಹೋಗಿಬಿಡುತ್ತದೆ. ಅದೇ ದಿಗಂತ. ಪೈಥಾಗೊರಸನ ಪ್ರಮೇಯ ಬಲ್ಲ ಯಾರೂ ಅದರ ದೂರವನ್ನು ಕಂಡುಹಿಡಿಯಬಹುದು. ಸುಲಭವಾಗಿ ಹೇಳುವುದಾದರೆ, ನೋಡುವ ಕಣ್ಣು ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಆ ಸಂಖ್ಯೆಯ ವರ್ಗಮೂಲ ತೆಗೆದು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ.

ಬುರುಜಿನ ಮೇಲೆ ನಿಂತವನ ಕಣ್ಣು 25 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. 25ರ ವರ್ಗಮೂಲ 5. ಅದನ್ನು 3.57ರಿಂದ ಗುಣಿಸಿದರೆ ಸುಮಾರು 18 ಕಿಲೋಮೀಟರ್. ಕಮಲಾಪುರ ಅದರ ಎರಡರಷ್ಟು ದೂರ, 36 ಕಿಲೋಮೀಟರ್, ಎಂದು ಹಿಡಿಯೋಣ. ಹಾಗಾದರೆ ಬುರುಜನ್ನು ಎರಡರಷ್ಟು ಎತ್ತರಿಸಿದರೆ ಸಾಕೇ? ಸಾಲದು. ನಡುವೆ ಗುಡ್ಡ ದಿಬ್ಬಗಳಿಲ್ಲದಿದ್ದರೂ ನೂರು ಮೀಟರಿಗೂ ಮಿಕ್ಕಿ ಎತ್ತರ ಬೇಕು. ಇಮ್ಮಡಿ ದೂರಕ್ಕೆ ನಾಲ್ಮಡಿ ಎತ್ತರ!

"ಹಂಗಾದ್ರ ಎಷ್ಟು ಕಲ್ಲು ಕಟ್ಟಿದ್ರೂ ಸಾಲೂದಿಲ್ರಿ, ಸರ್" ಎಂದಳು ಒಬ್ಬ ಹುಡುಗಿ.

ನಿಜ. ಕಲ್ಲಿನ ಬುರುಜಿಗೆ ಮಿತಿಯಿದೆ. ಅದರ ಮೇಲೆ ನಿಂತ ಮನುಷ್ಯನಿಗಂತೂ ಇನ್ನೊಂದು ಮಿತಿ, ನಿದ್ದೆ. ಹಿಂದಿನವರು ಹಗಲು ರಾತ್ರಿಯನ್ನು ಎಂಟು ಜಾವಗಳಾಗಿ ಹಂಚಿಕೊಂಡಿದ್ದರು. ಒಂದೊಂದು ಜಾವಕ್ಕೆ ಮೂರು ಗಂಟೆ. ಪಹರೆಯವರು ಬದಲಾಗುತ್ತಿದ್ದರು, ಬುರುಜು ಮಾತ್ರ ಎಂಟೂ ಜಾವ ಅಲ್ಲೇ ಇರುತ್ತಿತ್ತು. ಇಂಥ ಬುರುಜೊಂದನ್ನು ಎಂಟು ಸಾವಿರ ಮೀಟರ್ ಮೇಲೆ ಆಕಾಶದಲ್ಲಿ ನಿಲ್ಲಿಸಿ, ಕೆಳಗಿನಿಂದ ಪಾಳಿಯ ಮೇಲೆ ನಡೆಸುವಂತಿದ್ದರೆ? ದೀರ್ಘಕಾಲ ಹಾರುವ ಚಾಲಕರಹಿತ ಸೇನಾ ವಿಮಾನ ಎಂದರೆ ಇಷ್ಟೇ. ಡ್ರೋನ್ ಎಂದ ಕೂಡಲೇ ಮಕ್ಕಳಿಗೆ ಮದುವೆ ಮನೆಯಲ್ಲಿ ಫೋಟೋ ತೆಗೆಯುವ ನಾಲ್ಕು ರೆಕ್ಕೆಯ ಆಟಿಗೆ ನೆನಪಾಗುತ್ತದೆ. ಅದು ಅರ್ಧ ಗಂಟೆ ಹಾರಿದರೆ ಹೆಚ್ಚು. ನಾನು ಹೇಳಹೊರಟಿರುವುದು ಇಪ್ಪತ್ತನಾಲ್ಕು ಗಂಟೆ ಹಾರಬೇಕಾದದ್ದರ ಕಥೆ. ಅದು ನಡೆದದ್ದು ನಮ್ಮ ರಾಜ್ಯದಲ್ಲೇ. ನಮ್ಮ ಜೇವರ್ಗಿಯಿಂದ ಶಹಾಪುರ, ಸಿಂಧನೂರು, ಬಳ್ಳಾರಿ ಹಾದು ತೆಂಕಣಕ್ಕೆ ಹೋಗುವ ಹೆದ್ದಾರಿ ಹಿಡಿದು ಹೊರಟರೆ ಚಳ್ಳಕೆರೆ ಸಿಗುತ್ತದಲ್ಲ, ಅಲ್ಲಿ.

ರುಸ್ತುಂ ಯಾರು?

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ಎಡಿಇ ಎಂಬ ಸಂಸ್ಥೆಯಿದೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಡಿಆರ್‌ಡಿಒದ ಒಂದು ಪ್ರಯೋಗಾಲಯ ಅದು. ಫಿರಂಗಿ, ಕ್ಷಿಪಣಿಗಳ ಗುರಿ ಅಭ್ಯಾಸಕ್ಕಾಗಿ 'ಲಕ್ಷ್ಯ'ವನ್ನು, ಬೇಹುಗಾರಿಕೆಗಾಗಿ 'ನಿಶಾಂತ್' ಅನ್ನು ರೂಪಿಸಿದವರು ಇಲ್ಲಿಯವರೇ. ನಿಶಾಂತ್‌ಗೆ ಚಕ್ರಗಳಿರಲಿಲ್ಲ. ಲಾರಿಯ ಮೇಲಿನಿಂದ ಕವಣೆಯ ಹಾಗೆ ಅದನ್ನು ಚಿಮ್ಮಿಸುತ್ತಿದ್ದರು, ಇಳಿಯುವಾಗ ಧುಮುಕುಕೊಡೆ ಬಿಚ್ಚಿಕೊಳ್ಳುತ್ತಿತ್ತು. ಹಾರುತ್ತಿದ್ದುದು ನಾಲ್ಕೂವರೆ ಗಂಟೆ, ಅಂದರೆ ಒಂದೂವರೆ ಜಾವ.

ಆ ಮೇಲೆ ಬಂದದ್ದು ರುಸ್ತುಂ. ಇದು ಯಾವುದೋ ಪುರಾಣದ ವೀರನ ಹೆಸರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ರುಸ್ತುಂ ದಮಾನಿಯಾ ಅವರ ನೆನಪು. 1980ರ ದಶಕದಲ್ಲಿ ಅವರ ನೇತೃತ್ವದಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಒಂದು ಹಗುರ ವಿಮಾನ ಸಿದ್ಧವಾಯಿತು. ಚಿಕ್ಕ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ ಇದ್ದ ವಿಮಾನ. ಅದರ ವಿನ್ಯಾಸವನ್ನೇ ಆಧರಿಸಿ ಚಾಲಕನಿಲ್ಲದ ರುಸ್ತುಂ-1 ಮಾಡಿದರು. ಆ ವಿಮಾನ 2009ರ ನವೆಂಬರ್ 16ರಂದು ಹೊಸೂರಿನ ಬಳಿ ಮೊದಲ ಬಾರಿಗೆ ಹಾರಿತು, ಬಿದ್ದಿತು. ಎತ್ತರವನ್ನು ತಪ್ಪಾಗಿ ಅಂದಾಜಿಸಿ ನೆಲದಿಂದಲೇ ಎಂಜಿನ್ ಆರಿಸಿಬಿಟ್ಟಿದ್ದರು. ಮುಂದಿನ ವರ್ಷ ಅಕ್ಟೋಬರಿನಲ್ಲಿ ಹಾರಾಟ ಸಫಲವಾಯಿತು.

ರುಸ್ತುಂ-2 ಹೆಸರಿಗೆ ತಮ್ಮನಾದರೂ ಮೈಕಟ್ಟೇ ಬೇರೆ. ಅದರ ಯೋಜನೆಗೆ 2011ರಲ್ಲಿ ಒಂದೂವರೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಮಂಜೂರಾಯಿತು. ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರಕ್ಕೂ ಅದು ಬೇಕಿತ್ತು. ಅವರು ಕೇಳಿದ್ದು 30,000 ಅಡಿ ಎತ್ತರ ಮತ್ತು 24 ಗಂಟೆಗಳ ಹಾರಾಟ. 2016ರ ನವೆಂಬರ್ 16ರಂದು ಚಳ್ಳಕೆರೆಯ ಪರೀಕ್ಷಾ ಕೇಂದ್ರದಿಂದ ಅದು ಮೊದಲ ಸಲ ಮೇಲೇರಿತು. ಅಣ್ಣ ಬಿದ್ದ ದಿನಕ್ಕೆ ಸರಿಯಾಗಿ ಏಳು ವರ್ಷ! ಅದಕ್ಕೆ 'ತಪಸ್ ಬಿಎಚ್-201' ಎಂದು ನಾಮಕರಣವಾಯಿತು. ಬಿಎಚ್ ಎಂದರೆ 'ಬಿಯಾಂಡ್ ಹೊರೈಜನ್', ದಿಗಂತದಾಚೆ.

ಬುತ್ತಿಯ ಲೆಕ್ಕ

ಇಪ್ಪತ್ತನಾಲ್ಕು ಗಂಟೆ ಹಾರುವುದು ಏಕೆ ಇಷ್ಟು ಕಷ್ಟ? ದೊಡ್ಡ ಟ್ಯಾಂಕ್ ಇಟ್ಟು ಇಂಧನ ತುಂಬಿದರೆ ಮುಗಿಯಲಿಲ್ಲವೇ?

ನಮ್ಮ ಕಡೆಯಿಂದ ಪಂಢರಪುರಕ್ಕೆ ನಡೆದು ಹೋಗುವವರನ್ನು ನೆನೆಯಿರಿ. ದಾರಿಯಲ್ಲಿ ಯಾರೂ ಊಟ ಹಾಕುವುದಿಲ್ಲ ಎಂದಿಟ್ಟುಕೊಳ್ಳಿ. ಆಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನೀರು ಎಲ್ಲವನ್ನೂ ಹೊತ್ತೇ ಹೊರಡಬೇಕು. ದಾರಿ ಉದ್ದವಾದಷ್ಟೂ ಬುತ್ತಿ ಹೆಚ್ಚು. ಬುತ್ತಿ ಹೆಚ್ಚಾದಷ್ಟೂ ಹೆಗಲಿಗೆ ಭಾರ, ಭಾರ ಹೆಚ್ಚಾದಷ್ಟೂ ಹಸಿವೆ ಹೆಚ್ಚು, ಹಸಿವೆಗೆ ಮತ್ತೆ ಬುತ್ತಿ. ವಿಮಾನದ ಸ್ಥಿತಿಯೂ ಇದೇ. ತಾನು ಸುಡುವ ಇಂಧನವನ್ನು ತಾನೇ ಹೊತ್ತು ಹಾರಬೇಕು.

ವಿಮಾನ ಒಂದೇ ಎತ್ತರದಲ್ಲಿ ನೇರ ಹಾರುತ್ತಿರುವಾಗ ರೆಕ್ಕೆಯ ಎತ್ತುವ ಬಲ ಅದರ ತೂಕಕ್ಕೆ ಸಮ, ಎಂಜಿನ್ನಿನ ನೂಕುಬಲ ಗಾಳಿಯ ಎಳೆತಕ್ಕೆ ಸಮ. ನ್ಯೂಟನ್ನನ ಮೊದಲ ನಿಯಮ, ನಿಮ್ಮ ಪಠ್ಯದಲ್ಲೇ ಇದೆ. ಎಳೆತ ಕಡಿಮೆ ಮಾಡಿದರೆ ಇಂಧನ ಉಳಿಯುತ್ತದೆ. ಅದಕ್ಕೆ ಉಪಾಯ ಉದ್ದನೆಯ, ಸಪೂರ ರೆಕ್ಕೆ. ಆ ದಿನ ಕೋಟೆಯ ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಬಹಳ ಹೊತ್ತು ಒಮ್ಮೆಯೂ ರೆಕ್ಕೆ ಬಡಿಯಲಿಲ್ಲ. ಗುಬ್ಬಿಗೆ ಅದು ಸಾಧ್ಯವಿಲ್ಲ, ಅದರ ರೆಕ್ಕೆ ಮೋಟು. ತಪಸ್ಸಿನ ಮೈ ಉದ್ದ 9.5 ಮೀಟರ್, ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 20.6 ಮೀಟರ್. ಮೈಗಿಂತ ರೆಕ್ಕೆಯೇ ಎರಡರಷ್ಟು ಮಿಕ್ಕಿದ್ದು.

ಆದರೆ ತೂಕದ ಸೇಡು ದೊಡ್ಡದು. ಅದೇ ರೆಕ್ಕೆ, ಅದೇ ಎತ್ತರ ಇರಿಸಿಕೊಂಡು ತೂಕವನ್ನು ಮಾತ್ರ ಒಂದೂವರೆ ಪಟ್ಟು ಮಾಡಿದರೆ, ಹಾರಲು ಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, 1.84 ಪಟ್ಟು ಆಗುತ್ತದೆ. ಭಾರ ಹೆಚ್ಚಿದಾಗ ಅದನ್ನು ಎತ್ತಲು ವೇಗವನ್ನೂ ಹೆಚ್ಚಿಸಬೇಕಾಗುವುದೇ ಇದಕ್ಕೆ ಕಾರಣ. 1.5ನ್ನು ಅದರದೇ ವರ್ಗಮೂಲದಿಂದ ಗುಣಿಸಿ ನೋಡಿ, ಉತ್ತರ ಬರುತ್ತದೆ. ಸುಮಾರು ಅಷ್ಟರಮಟ್ಟಿಗೇ ಇಂಧನವೂ ಬೇಗ ಖಾಲಿ.

ಎತ್ತರದ್ದು ಇನ್ನೊಂದು ತೊಡಕು. 28,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿ ಇರುವುದರ ಶೇಕಡ 40ರಷ್ಟು ಮಾತ್ರ. ರೆಕ್ಕೆಗೂ ಗಾಳಿ ಸಾಲದು, ಎಂಜಿನ್ನಿಗೂ ಉಸಿರು ಸಾಲದು. ತಪಸ್ಸಿಗೆ ಕೊನೆಗೆ ಹೊಂದಿಸಿದ ಎರಡು ಎಂಜಿನ್‌ಗಳು ಆಸ್ಟ್ರಿಯಾ ದೇಶದವು, ಡೀಸೆಲ್ ಜಾತಿಯವು. ಗಾಳಿಯನ್ನು ಒತ್ತಿ ತುಂಬಿಕೊಳ್ಳುವ ಏರ್ಪಾಡು ಅವುಗಳಲ್ಲಿದೆ. ಮಿತವ್ಯಯಕ್ಕೆ ಡೀಸೆಲ್ ಒಳ್ಳೆಯದು, ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಪರದೇಶದ ಎಂಜಿನ್ ನಂಬಿ ವಿಮಾನ ಕಟ್ಟುವವನು ಎಂಜಿನ್ನಿನ ಅಳತೆಗೇ ವಿಮಾನವನ್ನು ಹೊಂದಿಸಿಕೊಳ್ಳಬೇಕು, ಅಂಗಿ ನೋಡಿ ಮೈ ಬೆಳೆಸಿದ ಹಾಗೆ.

ಇತ್ತ ವಿಮಾನದ ಭಾರ ಮೊದಲು ಅಂದಾಜಿಸಿದ್ದಕ್ಕಿಂತ ಏರಿತು. ಇಂಥ ಯೋಜನೆಗಳಲ್ಲಿ ಭಾರ ಹೇಗೆ ಏರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಕ್ಯಾಮೆರಾ, ರೇಡಾರ್ ಮುಂತಾದ ಉಪಕರಣಗಳೇ 350 ಕಿಲೋ ತನಕ ಇರಬಹುದಿತ್ತು. ಒಂದು ಪೆಟ್ಟಿಗೆ ಸೇರಿಸಿದರೆ ಅದನ್ನು ಹಿಡಿಯಲು ಗಟ್ಟಿ ಪಟ್ಟಿ ಬೇಕು, ತಂತಿ ಬೇಕು, ಚಕ್ರದ ಕಾಲು ಬಲವಾಗಬೇಕು. ಎಲ್ಲರೂ ತಂತಮ್ಮದು ಎರಡೇ ಕಿಲೋ ಎನ್ನುತ್ತಾರೆ. ಮದುವೆಯ ಖರ್ಚಿನ ಪಟ್ಟಿ ಬರೆದವರಿಗೆ ಇದು ಅರ್ಥವಾಗುತ್ತದೆ.

ಕಾರವಾರದ ಬೆಳಗು

ತಪಸ್ಸಿನ ಬಾಳಿನ ಒಳ್ಳೆಯ ದಿನವೊಂದನ್ನು ಹೇಳಬೇಕು. 2023ರ ಜೂನ್ 16. ಬೆಳಗಿನ 7 ಗಂಟೆ 35 ನಿಮಿಷಕ್ಕೆ ಚಳ್ಳಕೆರೆಯಿಂದ ಹೊರಟು, 20,000 ಅಡಿ ಎತ್ತರದಲ್ಲಿ ಅರಬ್ಬೀ ಸಮುದ್ರದತ್ತ ಹಾರಿತು. ಅಲ್ಲಿಂದ ಕಾರವಾರದ ನೌಕಾನೆಲೆ 285 ಕಿಲೋಮೀಟರ್. ನೆಲೆಯಿಂದ ಮತ್ತೆ 148 ಕಿಲೋಮೀಟರ್ ಆಚೆ ಕಡಲಿನಲ್ಲಿ ಐಎನ್‌ಎಸ್ ಸುಭದ್ರಾ ಹಡಗು ನಿಂತಿತ್ತು.

ಈಗ ಮಣ್ಣಿನಲ್ಲಿ ಬರೆದ ವೃತ್ತಕ್ಕೆ ಹಿಂದಿರುಗಿ. 20,000 ಅಡಿ ಎಂದರೆ 6,096 ಮೀಟರ್. ವರ್ಗಮೂಲ ಸುಮಾರು 78. ಗುಣಿಸಿದರೆ 279 ಕಿಲೋಮೀಟರ್. ವಿಮಾನಕ್ಕೆ ಆಜ್ಞೆ ಕೊಡುವ ರೇಡಿಯೋ ಅಲೆಗಳೂ ಹೆಚ್ಚುಕಡಿಮೆ ನೋಟದ ಗೆರೆಯಲ್ಲೇ ಸಾಗುತ್ತವೆ. ಆದ್ದರಿಂದ ಕಾರವಾರ ದಾಟುವ ಹೊತ್ತಿಗೆ ಚಳ್ಳಕೆರೆಯ ಕೇಂದ್ರಕ್ಕೆ ವಿಮಾನ ದಿಗಂತದ ಅಂಚಿಗೆ ಸರಿದಿರುತ್ತದೆ. ಆಗ ಲಗಾಮನ್ನು ಹಡಗಿನವರ ಕೈಗೆ ಕೊಟ್ಟರು. ಮೂರೂವರೆ ಗಂಟೆಯ ಹಾರಾಟದಲ್ಲಿ ನಲವತ್ತು ನಿಮಿಷ ಅದನ್ನು ನಡೆಸಿದ್ದು ಸುಭದ್ರಾ. ಆಮೇಲೆ ಅದು ಚಳ್ಳಕೆರೆಗೆ ಮರಳಿ ಇಳಿಯಿತು. ಒಂದು ಬುರುಜಿನ ಪಹರೆಯವನು ಇನ್ನೊಂದು ಬುರುಜಿನವನಿಗೆ ಕೂಗಿ ಕಾವಲು ಒಪ್ಪಿಸಿದಂತೆ. ಅದೇ ತಿಂಗಳಲ್ಲಿ ತಪಸ್ ಇನ್ನೂರು ಹಾರಾಟಗಳನ್ನು ಪೂರೈಸಿತು.

ಎರಡು ತಿಂಗಳ ನಂತರ, ಆಗಸ್ಟ್ 20ರ ಭಾನುವಾರ, ಹಿರಿಯೂರು ತಾಲೂಕಿನ ವದ್ದಿಕೆರೆ ಬಳಿ ಹೊಲದಲ್ಲಿ ಒಂದು ತಪಸ್ ಬಿದ್ದಿತು. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಅಡಿಕೆ ತೋಟದಲ್ಲಿ ಹಿಂದೊಮ್ಮೆ ಬಿದ್ದದ್ದುಂಟು. ಚಾಲಕನೇ ಇಲ್ಲದ ವಿಮಾನವಾದ್ದರಿಂದ ಒಳಗೆ ಸಾಯುವವರಿಲ್ಲ. ಇದೊಂದು ಸಮಾಧಾನ.

ನಮ್ಮ ಮಕ್ಕಳೂ ಬಿದ್ದ ವಿಮಾನದ ಸುತ್ತ ಜನ ಸೇರಿದ ದೃಶ್ಯವನ್ನು ಮೊಬೈಲಿನಲ್ಲಿ ನೋಡಿದ್ದರು. "ಹಾರಿದ್ದು ಯಾರಿಗೂ ಗೊತ್ತಿಲ್ರಿ ಸರ್, ಬಿದ್ದದ್ದು ಎಲ್ಲರಿಗೂ ಗೊತ್ತದ" ಎಂದ ಒಬ್ಬ. ನಾನು ನಕ್ಕೆ, ಆದರೆ ಮಾತು ನಗುವಂಥದ್ದಲ್ಲ.

ನೂರಕ್ಕೆ ಎಪ್ಪತ್ತೈದು

ಸೇನೆಗಳ ಮೌಲ್ಯಮಾಪನದಲ್ಲಿ ತಪಸ್ 28,000 ಅಡಿ ಮುಟ್ಟಿತು, 18 ಗಂಟೆಗೂ ಮಿಕ್ಕಿ ಹಾರಿತು. ಕೇಳಿದ್ದು 30,000 ಅಡಿ, 24 ಗಂಟೆ. 2024ರ ಜನವರಿಯಲ್ಲಿ, ಅದನ್ನು ತುರ್ತು ಆದ್ಯತೆಯ ಯೋಜನೆಗಳ ಸಾಲಿನಿಂದ ತೆಗೆಯಲಾಗಿದೆ ಎಂಬ ಸುದ್ದಿ ಬಂದಿತು.

ಇದನ್ನು ತೋಪಿನ ಪಕ್ಕದಲ್ಲಿ ನಿಂತು ಹೇಳಿದಾಗ ಅದೇ ಹುಡುಗಿ ಬೆರಳು ಮಡಿಚಿ ಲೆಕ್ಕ ಹಾಕಿದಳು. "ಇಪ್ಪತ್ನಾಕಕ್ಕ ಹದಿನೆಂಟು ಅಂದ್ರ ಎಪ್ಪತ್ತೈದು ಪರ್ಸೆಂಟ್ ಆಯ್ತಲ್ರಿ ಸರ್. ಫಸ್ಟ್ ಕ್ಲಾಸ್! ಫೇಲ್ ಯಾಕ್ರಿ?"

ಮೂವತ್ತು ವರ್ಷ ಅಂಕ ಹಾಕಿದ ನನಗೆ ತಟ್ಟನೆ ಉತ್ತರ ತೋಚಲಿಲ್ಲ. ಪರೀಕ್ಷೆಯಲ್ಲಿ ಎಪ್ಪತ್ತೈದು ಬಂದವಳು ಮನೆಗೆ ಪೇಢೆ ಒಯ್ಯುತ್ತಾಳೆ. ಆದರೆ ಆರು ಜಾವ ಎಚ್ಚರವಿದ್ದು ಕೊನೆಯ ಎರಡು ಜಾವ ಕಣ್ಣು ಮುಚ್ಚಿದ ಪಹರೆಯವನಿಗೆ ಯಾವ ಕಿಲ್ಲೇದಾರ ಫಸ್ಟ್ ಕ್ಲಾಸ್ ಕೊಟ್ಟಾನು? ಶತ್ರು ಬರುವುದು ಆ ಎರಡು ಜಾವದಲ್ಲೇ. ಹಾಗೆ ನೋಡಿದರೆ ಸೇನೆಯವರು ಕೇಳಿದ್ದು ತಪ್ಪಲ್ಲ. ಗಡಿಯ ಕೆಲಸಕ್ಕೆ ಇಂಥ ವಿಮಾನ ಬೇಕೇ ಬೇಕಾದ್ದರಿಂದ, 2024ರ ಅಕ್ಟೋಬರಿನಲ್ಲಿ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್‌ಗಳನ್ನು ಕೊಳ್ಳುವ ಒಪ್ಪಂದಕ್ಕೆ ನಮ್ಮ ಸರ್ಕಾರ ಸಹಿ ಹಾಕಿತು. ಮಾಡಿಕೊಳ್ಳಲಾಗದ್ದನ್ನು ಕೊಳ್ಳಬೇಕಾಗುತ್ತದೆ, ಅವರು ಹೇಳಿದ ಬೆಲೆಗೆ.

ಆ ಅಮೆರಿಕದ ಡ್ರೋನಿನ ವಂಶವೃಕ್ಷವನ್ನೂ ಸ್ವಲ್ಪ ನೋಡಿ. ಬಾಗ್ದಾದಿನಲ್ಲಿ ಹುಟ್ಟಿ ಇಸ್ರೇಲಿನಲ್ಲಿ ಬೆಳೆದ ಅಬ್ರಹಾಂ ಕರೆಮ್ ಎಂಬ ಎಂಜಿನಿಯರ್ ಲಾಸ್ ಏಂಜಲೀಸಿನ ತನ್ನ ಮನೆಯ ಕಾರ್ ಶೆಡ್ಡಿನಲ್ಲಿ ಮೊದಲ ಮಾದರಿ ಕಟ್ಟಿದ. ಅದರಿಂದ 'ಅಂಬರ್' ಬಂದಿತು. ಅಂಬರನ್ನು ಅಮೆರಿಕ ಸರ್ಕಾರ ಕೈಬಿಟ್ಟಿತು, ಕರೆಮನ ಕಂಪನಿ ದಿವಾಳಿಯಾಯಿತು. ಅದನ್ನು ಕೊಂಡ ಇನ್ನೊಂದು ಕಂಪನಿ ಅದೇ ಬೀಜದಿಂದ 1994ರಲ್ಲಿ 'ಪ್ರೆಡೇಟರ್' ಹಾರಿಸಿತು. ಎಂಕ್ಯೂ-9 ಅದರ ಸಂತಾನ. ಕೈಬಿಟ್ಟ ಯೋಜನೆಯೆಲ್ಲ ಕಸವಲ್ಲ ಎನ್ನುವುದಕ್ಕೆ ದೂರದ ಉದಾಹರಣೆ.

ಹತ್ತಿರದ ಉದಾಹರಣೆಯೂ ಇದೆ. ಈ ಕೆಲಸದಿಂದ ಉಳಿದದ್ದು ಕೆಲವು ವಿಮಾನಗಳಷ್ಟೇ ಅಲ್ಲ, ಚಳ್ಳಕೆರೆಯ ಪರೀಕ್ಷಾ ಕೇಂದ್ರವೂ ಉಳಿಯಿತು. 2022ರ ಜುಲೈ 1ರಂದು ಎಡಿಇಯವರ ಬಾಲವಿಲ್ಲದ, ಬರೀ ರೆಕ್ಕೆಯಂತಿರುವ ಚಾಲಕರಹಿತ ವಿಮಾನ ಮೊದಲು ಹಾರಿದ್ದು ಅಲ್ಲಿ. ಇಸ್ರೋದ ಮರುಬಳಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಆಕಾಶದಲ್ಲಿ ಬಿಟ್ಟಾಗ ಅದು ತಾನಾಗಿಯೇ ದಾರಿ ಹುಡುಕಿಕೊಂಡು ಬಂದು ಇಳಿದದ್ದೂ ಅದೇ ಓಡುದಾರಿಯ ಮೇಲೆ, 2023ರ ಏಪ್ರಿಲಿನಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ.

ಈ ಕೇಂದ್ರ ಬಂದದ್ದು ಬರಡು ಬಯಲಿಗಲ್ಲ, ಅಮೃತಮಹಲ್ ದನಗಳ ಕಾವಲಿಗೆ. ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಹುಲ್ಲುಗಾವಲು. ತಲೆತಲಾಂತರದಿಂದ ಅಲ್ಲಿ ದನ ಕುರಿ ಮೇಯಿಸುತ್ತಿದ್ದವರು ಬೇಲಿ ಕಂಡು ಕಂಗಾಲಾದರು. ಚಳ್ಳಕೆರೆಯ ಕಾವಲುಗಳ ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿತು. ಯೋಜನೆಯ ಖರ್ಚಿನ ಲೆಕ್ಕ ಬರೆಯುವಾಗ ಆ ಹುಲ್ಲನ್ನೂ ಬರೆಯಬೇಕೆಂದು ನನ್ನ ಅಭಿಪ್ರಾಯ.

ತಂದೆತಾಯಿಗಳು ನನ್ನನ್ನು ಕೇಳುವುದು ಬೇರೆ ಪ್ರಶ್ನೆ: "ಸರ್, ಇದಕ್ಕೆಲ್ಲ ಯಾವ ಕೋರ್ಸ್ ಓದಿಸಬೇಕ್ರಿ?" ವಿಮಾನಶಾಸ್ತ್ರವೊಂದೇ ಅಲ್ಲ ಎನ್ನುತ್ತೇನೆ. ಎಂಜಿನ್ನಿಗೆ ಮೆಕ್ಯಾನಿಕಲ್, ಆಜ್ಞೆಯ ಅಲೆಗಳಿಗೆ ಎಲೆಕ್ಟ್ರಾನಿಕ್ಸ್, ತಾನೇ ಇಳಿಯುವ ಬುದ್ಧಿಗೆ ಕಂಪ್ಯೂಟರ್, ಹಗುರ ಮೈಗೆ ರಸಾಯನಶಾಸ್ತ್ರ. ಡಿಪ್ಲೊಮಾ, ಐಟಿಐ ಮುಗಿಸಿದವರಿಗೂ ಅಲ್ಲಿ ಕೆಲಸವಿದೆ. ಆದರೆ ಹತ್ತನೆಯ ತರಗತಿಯ ವರ್ಗಮೂಲ ಬಾರದಿದ್ದರೆ ಇವು ಯಾವುವೂ ಮುಂದೆ ಹೋಗುವುದಿಲ್ಲ.

ಸಂಜೆ ಬಸ್ಸು ಕಮಲಾಪುರದ ದಾರಿ ಹಿಡಿದಾಗ ಹಿಂದಿನ ಸೀಟಿನಲ್ಲಿ ಗದ್ದಲ. ಭೂಪಟದ ಪುಸ್ತಕ ತೆರೆದು ಕುಳಿತಿದ್ದರು. ಚಳ್ಳಕೆರೆಯ ಮೇಲೆ 28,000 ಅಡಿಯಲ್ಲಿ ತಪಸ್ ಇದ್ದರೆ ಅದಕ್ಕೆ ನಮ್ಮ ಕೋಟೆ ಕಾಣುತ್ತಿತ್ತೇ ಎಂಬುದು ಚರ್ಚೆ. ಕಲಬುರಗಿಯ ಅಕ್ಷಾಂಶ 17.33 ಡಿಗ್ರಿ, ಚಳ್ಳಕೆರೆಯದು 14.31. ವ್ಯತ್ಯಾಸ 3.02. ಒಂದು ಡಿಗ್ರಿಗೆ 111 ಕಿಲೋಮೀಟರ್, ಒಟ್ಟು ಸುಮಾರು 335. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿರುವುದರಿಂದ ಅಷ್ಟು ಲೆಕ್ಕ ಸಾಕು. 28,000 ಅಡಿ ಎಂದರೆ 8,534 ಮೀಟರ್. ಅಲ್ಲಿಂದ ದಿಗಂತ 330 ಕಿಲೋಮೀಟರ್. ಐದು ಕಿಲೋಮೀಟರ್ ಕಡಿಮೆ ಬಿತ್ತು. 30,000 ಅಡಿಗೆ ಹಾಕಿದರು: 341. ಕಾಣುತ್ತದೆ!

"ನೋಡ್ರಿ ಸರ್, ಆ ಎರಡು ಸಾವಿರ ಅಡಿದಾಗ ನಮ್ಮ ಕೋಟಿ ತಪ್ತು" ಎಂದ ಹುಡುಗ ಸಪ್ಪಗೆ.

ಹುಡುಗಿ ಪೆನ್ಸಿಲ್ ಕೆಳಗಿಡಲಿಲ್ಲ. "ಅದು ಕೋಟಿ ನೆಲಕ್ಕಾತು. ಬುರುಜಿನ ಮ್ಯಾಲೆ ನಾವು ನಿಂತಿದ್ರ?" ಎಂದಳು. ಬುರುಜಿಗೆ ಅದರದೇ ದಿಗಂತವಿದೆ, ಬೆಳಿಗ್ಗೆ ಕಂಡುಹಿಡಿದ 18 ಕಿಲೋಮೀಟರ್. ಎರಡನ್ನೂ ಕೂಡಿಸಿದಳು: 348.